ಹಡಗು ಬಾರದ ದಿನ ಲಕ್ಷದ್ವೀಪದ ಗತಿಯೇನು?

ಮಳೆಗಾಲಕ್ಕೆ ಮುನ್ನ ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗಳಿಗೆ ಸರಕು ತುಂಬುವ ಧಾವಂತವನ್ನು ಕಂಡವರಿಗೆ ಲಕ್ಷದ್ವೀಪದ ಬದುಕು ಯಾವುದರ ಮೇಲೆ ನಿಂತಿದೆಯೆಂದು ವಿವರಿಸಬೇಕಾಗಿಲ್ಲ. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ, ಎಲ್ಲವೂ ಸಮುದ್ರ ದಾಟಿಯೇ ಹೋಗಬೇಕು. ಕಡಲು ಮುನಿದರೆ ಮಂಜಿಗಳು ದಡದಲ್ಲೇ ಉಳಿಯುತ್ತವೆ.

ಈ ನಂಟು ಇಂದು ನಿನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಬ್ರಿಟಿಷರ ಕಾಲದಲ್ಲಿ ಅಲ್ಲಿಯವರು ತೆಂಗಿನ ನಾರನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. ನಾರಿನ ಏಕಸ್ವಾಮ್ಯ ಸರಕಾರದ್ದು. ಅನ್ನಕ್ಕಾಗಿ ಹೊರಗಿನವರನ್ನು ನಂಬಿದವನಿಗೆ ತನ್ನ ಬೆವರಿನ ಬೆಲೆಯನ್ನು ತಾನೇ ನಿರ್ಧರಿಸುವ ಹಕ್ಕೂ ಉಳಿದಿರಲಿಲ್ಲ!

ಇಂದು ಹತ್ತು ಜನವಸತಿಯ ದ್ವೀಪಗಳಲ್ಲಿ, 32 ಚದರ ಕಿಲೋಮೀಟರ್ ನೆಲದಲ್ಲಿ, 2011ರ ಜನಗಣತಿಯ ಪ್ರಕಾರ 64,473 ಮಂದಿ ಬದುಕುತ್ತಿದ್ದಾರೆ. ತೊಂಬತ್ತಾರು ಶೇಕಡಾಕ್ಕಿಂತ ಹೆಚ್ಚಿನವರು ಮುಸ್ಲಿಮರು. ನಾವಾದರೋ ಅವರನ್ನು ನೆನೆಯುವುದು ವಿವಾದ ಎದ್ದಾಗ ಮಾತ್ರ. ವಿವಾದ ತಣ್ಣಗಾದ ಬಳಿಕ ಅವರ ನೀರು, ದೀಪ, ದೋಣಿಗಳ ಬಗ್ಗೆ ವಿಚಾರಿಸುವವರಿಲ್ಲ.

ನೀರಿನಿಂದಲೇ ಆರಂಭಿಸೋಣ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ದ್ವೀಪದ ಬಾವಿಗಳಿಗೆ ಅದೇ ಆಸರೆ. ಕೊಡಪಾನದಲ್ಲಿ ಸೇದಿದಷ್ಟು ಕಾಲ ಅದು ಉಳಿಯಿತು. ವಿದ್ಯುತ್ ಪಂಪು ಬಂದು ಎಳೆಯತೊಡಗಿದರೆ ಅಡಿಯ ಉಪ್ಪು ಮೇಲೇರುತ್ತದೆ. ಪಕ್ಕದಲ್ಲೇ ಶೌಚಗುಂಡಿಯಿದ್ದರಂತೂ ಹೇಳುವುದೇ ಬೇಡ. 2005ರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ನೀಡುವ ಸ್ಥಾವರವನ್ನು ಸ್ಥಾಪಿಸಿತು. ಮೇಲ್ಮೈಯ ಬೆಚ್ಚಗಿನ ಕಡಲ ನೀರನ್ನು ನಿರ್ವಾತದಲ್ಲಿ ಆವಿಯಾಗಿಸಿ, ಮುನ್ನೂರೈವತ್ತು ಮೀಟರ್‌ಗೂ ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ವಿಧಾನವಿದು. 2011ರಲ್ಲಿ ಅಗತ್ತಿ ಮತ್ತು ಮಿನಿಕಾಯ್‌ಗೂ, ಅನಂತರ ಇತರ ದ್ವೀಪಗಳಿಗೂ ಅದು ವಿಸ್ತರಿಸಿತು. ಇದು ಹೆಮ್ಮೆಯ ಸಾಧನೆ, ಅನುಮಾನವಿಲ್ಲ.

ಆದರೆ ಆ ಪಂಪುಗಳನ್ನು ತಿರುಗಿಸುವುದು ಯಾವುದು? ಬಹುಪಾಲು ಡೀಸೆಲ್ ಜನರೇಟರ್‌ನ ವಿದ್ಯುತ್ತು. ಆ ಡೀಸೆಲ್ ಬರುವುದು ಎಲ್ಲಿಂದ? ಹಡಗಿನಿಂದ! ಹಡಗು ತಪ್ಪಿದರೆ ಡೀಸೆಲ್ ಇಲ್ಲ, ಡೀಸೆಲ್ ಇಲ್ಲದಿದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದಿದ್ದರೆ ಕುಡಿಯುವ ನೀರೂ ಇಲ್ಲ. ಊರಿಗೆ ಊರೇ ಒಂದೇ ಹಗ್ಗಕ್ಕೆ ಜೋತುಬಿದ್ದಿದೆ. 2017ರ ಕೊನೆಯಲ್ಲಿ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ಅಲುಗಿಸಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂತು. ಅದೇ ವರ್ಷದ ಕೊನೆಗೆ ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದ ಎಂ.ವಿ. ಕವರತ್ತಿ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಪ್ರಾಣಹಾನಿ ಆಗಲಿಲ್ಲವೆಂಬುದೇ ಸಮಾಧಾನ. ಆ ಬಳಿಕ ಹಡಗುಗಳ ಕೊರತೆಯಿಂದ ರೋಗಿಗಳೂ ವಿದ್ಯಾರ್ಥಿಗಳೂ ಟಿಕೆಟಿಗಾಗಿ ಪರದಾಡಿದರು.

ಆದ್ದರಿಂದ ಮೊದಲು ಆಗಬೇಕಾದುದು ನೀರಿಗೂ ಡೀಸೆಲ್‌ಗೂ ಇರುವ ಈ ಗಂಟನ್ನು ಬಿಚ್ಚುವ ಕೆಲಸ. ಕಡಲಿನ ಉಷ್ಣಾಂಶದ ವ್ಯತ್ಯಾಸದಿಂದಲೇ ವಿದ್ಯುತ್ ಪಡೆದು ಸಿಹಿನೀರಿನ ಸ್ಥಾವರ ನಡೆಸುವ ಯೋಜನೆಯನ್ನು ಅದೇ ಸಂಸ್ಥೆ ಕವರತ್ತಿಯಲ್ಲಿ ಕೈಗೆತ್ತಿಕೊಂಡಿದೆ. ಬ್ಯಾಟರಿ ಸಂಗ್ರಹವುಳ್ಳ ಸೌರ ಸ್ಥಾವರವೂ ಅಲ್ಲಿ ಬಂದಿದೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲಡಿಯ ಕೇಬಲ್ ಉದ್ಘಾಟನೆಯಾಗಿ, ಕೇವಲ ಉಪಗ್ರಹವನ್ನು ನಂಬಿದ್ದ ದೂರಸಂಪರ್ಕಕ್ಕೆ ಬಲ ಬಂದಿದೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಹಿಂಜರಿಕೆಯಿಲ್ಲ. ನಮ್ಮ ತಕರಾರು ಇರುವುದು ಸ್ವಾವಲಂಬನೆಯ ಮಾತಾಡುವವರೇ ಇನ್ನೊಂದು ಕೈಯಿಂದ ಅದನ್ನು ಕೆಡವುತ್ತಿರುವುದರ ಬಗ್ಗೆ.

2021ರ ಮೇ ತಿಂಗಳಲ್ಲಿ ದ್ವೀಪದ ಆಡಳಿತವು ಸರಕಾರಿ ಹೈನುಗಾರಿಕಾ ಕೇಂದ್ರಗಳನ್ನು ಮುಚ್ಚಿ ಜಾನುವಾರುಗಳನ್ನು ಹರಾಜು ಹಾಕಲು ಆದೇಶಿಸಿತು. ಶಾಲೆಯ ಮಧ್ಯಾಹ್ನದ ಊಟದಿಂದ ಮಾಂಸವನ್ನು ಕೈಬಿಡಲಾಯಿತು. ವ್ಯಾಜ್ಯ ನಡೆಯಿತು, ಕೇರಳ ಹೈಕೋರ್ಟು ಮೊದಲು ತಡೆ ನೀಡಿತು, ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇದು ಆಡಳಿತದ ನೀತಿಗೆ ಸಂಬಂಧಿಸಿದ ವಿಚಾರವೆಂದು ಹೇಳಿ ಮಧ್ಯಪ್ರವೇಶಿಸಲು ನಿರಾಕರಿಸಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದಿರಬಹುದು. ಆದರೆ ಇನ್ನೂರು ಮುನ್ನೂರು ಕಿಲೋಮೀಟರ್ ದೂರದಿಂದ ಹಾಲು ತರಿಸಬೇಕಾದ ಊರಿನಲ್ಲಿ, ಇದ್ದ ನಾಲ್ಕು ಹಸುಗಳನ್ನೂ ಮಾರುವುದು ಯಾವ ವಿವೇಕ? ಆ ಕೇಂದ್ರಗಳು ನಷ್ಟದಲ್ಲಿದ್ದವು ಎನ್ನುವ ಲೆಕ್ಕ ಕಚೇರಿಯ ಕಡತಕ್ಕೆ ಸರಿ. ಹಡಗು ಬಾರದ ವಾರದಲ್ಲಿ ಎದೆಹಾಲು ಸಾಲದ ಮಗುವಿನ ತಾಯಿಯ ಲೆಕ್ಕ ಬೇರೆ.

ವಿಧಾನಸಭೆಯಿಲ್ಲದ, ಲೋಕಸಭೆಗೆ ಒಬ್ಬನೇ ಸದಸ್ಯನನ್ನು ಕಳುಹಿಸುವ ಪ್ರದೇಶದಲ್ಲಿ ಇಂತಹ ನಿರ್ಧಾರಗಳು ಸುಲಭ. ಆ ತಾಯಿಯನ್ನು ಯಾರೂ ಕೇಳಬೇಕಾಗಿಲ್ಲ.

ಇನ್ನು ಪ್ರವಾಸೋದ್ಯಮ. ದ್ವೀಪಗಳನ್ನು ಮಾಲ್ದೀವ್ಸ್‌ಗೆ ಹೋಲಿಸುವ ಉತ್ಸಾಹ 2024ರಿಂದೀಚೆಗೆ ಜೋರಾಗಿದೆ. ಯುವಕರಿಗೆ ಉದ್ಯೋಗ ಬೇಕು, ನಿಜ. ಆದರೆ ಪ್ರತಿಯೊಬ್ಬ ಅತಿಥಿಯೂ ನೀರು ಬಳಸುತ್ತಾನೆ, ಅನ್ನ ಉಣ್ಣುತ್ತಾನೆ, ಕಸ ಬಿಡುತ್ತಾನೆ. ಅಲೆಗಳನ್ನು ಮುರಿದು ಮನೆಗಳನ್ನು ಕಾಯುತ್ತಿರುವ ಹವಳದ ದಿಬ್ಬ ಕಡಲು ಬಿಸಿಯೇರಿದ 1998, 2010, 2016ರಲ್ಲಿ ಬಿಳಚಿ ಸೊರಗಿದೆ. ಕಾಂಕ್ರೀಟಿನ ತಡೆಗೋಡೆಗೆ ಕೋಟಿಗಟ್ಟಲೆ ಸುರಿಯುವವರು, ಪುಕ್ಕಟೆ ಸಿಕ್ಕ ಈ ಗೋಡೆಯನ್ನು ಮೂಲಸೌಕರ್ಯವೆಂದು ಎಂದಾದರೂ ಬರೆದುಕೊಂಡಿದ್ದಾರೆಯೇ?

ಹೊಸ ರೆಸಾರ್ಟಿಗೆ ಅನುಮತಿ ನೀಡುವ ಮುನ್ನ ಆಡಳಿತವು ಕೆಲವು ಸಂಗತಿಗಳನ್ನು ದ್ವೀಪವಾಸಿಗಳ ಮುಂದಿಡಲಿ. ಅತಿಥಿಗಳಿಗೆ ದಿನಕ್ಕೆ ಎಷ್ಟು ಲೀಟರ್ ನೀರು, ಅದು ಯಾವ ಸ್ಥಾವರದಿಂದ? ಹಡಗು ಹದಿನೈದು ದಿನ ಬಾರದಿದ್ದರೆ ಪ್ರತಿ ದ್ವೀಪದ ಗೋದಾಮಿನಲ್ಲಿ ಎಷ್ಟು ಅಕ್ಕಿ, ಎಷ್ಟು ಔಷಧ, ಎಷ್ಟು ಡೀಸೆಲ್ ಉಳಿದಿರುತ್ತದೆ? ಮನೆಮನೆಯ ಮಾಡಿನಲ್ಲಿ ಬೀಳುವ ಮಳೆನೀರನ್ನು ಹಿಡಿದಿಡಲು ಎಷ್ಟು ತೊಟ್ಟಿಗಳಿವೆ? ಮಾರಿದ ಹಸುಗಳ ಜಾಗದಲ್ಲಿ ಏನು ಬಂತು ಎಂಬುದನ್ನೂ ಜತೆಗೇ ತಿಳಿಸಲಿ.