ಬಲವಾದ ಎದುರಾಳಿಯ ಉಪಕಾರ



ರಜೆ ಮುಗಿದು ಶಾಲೆಯು ಆರಂಭವಾದೊಡನೆ ಪಾಲಕರು ತರುವ ದೂರುಗಳಲ್ಲಿ ಗಣಕಯಂತ್ರದ ಆಟಗಳ ದೂರು ಈಚೆಗೆ ಮೊದಲಿನದಾಗಿದೆ. ಕಣ್ಣು ಕೆಡುವದು, ಹೊತ್ತು ಹಾಳಾಗುವದು, ಪಾಠವು ಹಿಂದೆ ಬೀಳುವದು ಎಂಬೀ ಮಾತುಗಳಲ್ಲಿ ಸತ್ಯವುಂಟು. ಅವನ್ನು ಅನೇಕರು ಹೇಳಿರುವದರಿಂದ ನಾನು ಮತ್ತೆ ಹೇಳುವದಿಲ್ಲ. ನನ್ನ ಆಕ್ಷೇಪಣೆಯು ಬೇರೆ ತರದ್ದು. ಬುದ್ಧಿವಂತರ ಆಟಗಳೆಂದು ಹೆಸರಾದ ರಾಜ್ಯಭಾರದ ಆಟಗಳು ಸಹ ನಮ್ಮ ಮಕ್ಕಳಿಗೆ ತಕ್ಕ ಎದುರಾಳಿಯನ್ನು ಒದಗಿಸುವದಿಲ್ಲ. ಅವು ಸಾಕಷ್ಟು ಕಠಿಣವಾಗಿಲ್ಲವೆಂಬದೇ ನನ್ನ ದೂರು.

ಇವುಗಳನ್ನು ಕಾಣದವರಿಗಾಗಿ ಆಟದ ರೀತಿಯನ್ನು ಸ್ವಲ್ಪ ತಿಳಿಸುವೆನು. ಸ್ವೀಡನ್ ದೇಶದವರು 2013ರಲ್ಲಿ ಹೊರಡಿಸಿದ ‘ಯುರೋಪಾ ಯೂನಿವರ್ಸಾಲಿಸ್’ ಮಾಲೆಯ ನಾಲ್ಕನೆಯ ಆಟವು 1444ನೆಯ ಇಸವಿಯಿಂದ ಪ್ರಾರಂಭವಾಗುತ್ತದೆ. ಆಡುವವಳು ಲೋಕದ ಭೂಪಟದಲ್ಲಿ ತನಗೆ ಬೇಕಾದ ರಾಜ್ಯವನ್ನು ಆರಿಸಿಕೊಳ್ಳಬಹುದು. ನಮ್ಮ ವಿಜಯನಗರವೂ ಅದರ ನೆರೆಯ ಬಹಮನಿ ರಾಜ್ಯವೂ ಅದರಲ್ಲಿ ಉಂಟು. ತೆರಿಗೆ, ವ್ಯಾಪಾರ, ಸೈನ್ಯ, ಸಂಧಿ, ವಿಗ್ರಹ ಎಲ್ಲವನ್ನೂ ಅವಳೇ ನಡಿಸಬೇಕು. ಉಳಿದ ನೂರಾರು ರಾಜ್ಯಗಳನ್ನು ಯಂತ್ರವು ನಡಿಸುವದು. ಭೂಗೋಲ ಚರಿತ್ರೆಗಳಲ್ಲಿ ಆಸಕ್ತಿ ಹುಟ್ಟಿಸಲು ಇದು ಒಳ್ಳೆಯ ಸಾಧನವೇ ಸರಿ. ಆದರೆ ಕೆಲವು ವಾರಗಳಲ್ಲಿಯೇ ಜಾಣ ಹುಡುಗಿಯೊಬ್ಬಳು ಯಂತ್ರವು ಎಲ್ಲಿ ತಪ್ಪುವದೆಂದು ಕಂಡುಹಿಡಿಯುತ್ತಾಳೆ. ಅದು ನಿನ್ನೆ ತಪ್ಪಿದಲ್ಲಿಯೇ ಇಂದೂ ತಪ್ಪುತ್ತದೆ. ಆ ಮೇಲೆ ಗೆಲವು ನಿಶ್ಚಯ, ಕಲಿಕೆ ಶೂನ್ಯ.

ಹೆಚ್ಚು ಕಠಿಣವಾದ ಮಟ್ಟವನ್ನು ಆರಿಸಿಕೊಳ್ಳಬಹುದಲ್ಲಾ ಎಂದು ನೀವು ಕೇಳಬಹುದು. ಆರಿಸಿಕೊಳ್ಳಬಹುದು; ಮೋಸವಿರುವದು ಅಲ್ಲಿಯೇ. 2016ರಲ್ಲಿ ಹೊರಬಂದ ‘ಸಿವಿಲೈಜೇಶನ್’ ಮಾಲೆಯ ಆರನೆಯ ಆಟವನ್ನು ನೋಡಿರಿ. ಅದರ ಅತ್ಯಂತ ಕಠಿಣ ಮಟ್ಟಕ್ಕೆ ‘ಡೀಟಿ’, ಅಂದರೆ ದೇವತೆ, ಎಂಬ ಹೆಸರು. ಆಡುವವಳಿಗೆ ಊರು ಕಟ್ಟಲು ಒಂದು ತಂಡವನ್ನು ಕೊಟ್ಟರೆ, ಆ ಮಟ್ಟದಲ್ಲಿ ಯಂತ್ರಕ್ಕೆ ಮೂರು ತಂಡಗಳು ದೊರೆಯುವವು. ಅದರ ಸೈನಿಕರಿಗೆ ಹೆಚ್ಚಿನ ಬಲವೂ, ಅದರ ಊರುಗಳಿಗೆ ಹೆಚ್ಚಿನ ಉತ್ಪತ್ತಿಯೂ ಉಂಟು. ಬುದ್ಧಿ ಮಾತ್ರ ಮೊದಲಿನದೇ. ದೇವರ ಹೆಸರನ್ನಿಟ್ಟವರು ಜ್ಞಾನವನ್ನು ಕೊಡದೆ ಬರಿಯ ದಂಡನ್ನು ಕೊಟ್ಟು ಸುಮ್ಮನಾಗಿದ್ದಾರೆ! ಮಂದಬುದ್ಧಿಯ ಸೇನಾಪತಿಗೆ ಹಿಮ್ಮಡಿ ಸೈನ್ಯವನ್ನು ಕೊಟ್ಟರೆ ಅವನು ಜಾಣನಾದಾನೇ?

ಆಟ ಮಾಡಿದವರಿಗೂ ನ್ಯಾಯವನ್ನು ಸಲ್ಲಿಸಬೇಕು. ಚದುರಂಗದಲ್ಲಿ 64 ಮನೆಗಳು, ಒಂದು ಸಲಕ್ಕೆ ಒಂದೇ ನಡೆ. ಅದರಲ್ಲಿ ‘ಡೀಪ್ ಬ್ಲೂ’ ಎಂಬ ಯಂತ್ರವು 1997ರಲ್ಲಿಯೇ ಜಗಜ್ಜೇತನಾಗಿದ್ದ ಕಾಸ್ಪರೋವನನ್ನು ಸೋಲಿಸಿತು. ರಾಜ್ಯಭಾರದ ಆಟದಲ್ಲಾದರೋ ನೂರಾರು ರಾಜ್ಯಗಳು ಸಾವಿರಾರು ವಿಷಯಗಳನ್ನು ಒಟ್ಟಿಗೆ ತೀರ್ಮಾನಿಸಬೇಕು. ಅದೂ ಮನೆಯ ಸಾಧಾರಣ ಯಂತ್ರದಲ್ಲಿ, ಆಡುವವರನ್ನು ಕಾಯಿಸದೆ. ಇದಲ್ಲದೆ, ಆಟವನ್ನು ಕೊಂಡವರಲ್ಲಿ ಸೋಲನ್ನು ಬಯಸದವರೂ ಬಹಳ ಮಂದಿ. ಹೊಸದಾಗಿ ಕಲಿಯುವವರಿಗೆ ಸುಲಭದ ಮಟ್ಟವು ಬೇಕೆಂಬದೂ ನಿಜ. ಒಂದನೆಯ ಇಯತ್ತೆಯ ಮಗುವಿಗೆ ನಾವು ವ್ಯಾಕರಣವನ್ನು ಕಲಿಸುವದಿಲ್ಲ. ಆದರೆ ಮೆಟ್ಟಲು ಏರಿದಂತೆ ವಿಚಾರವು ಆಳವಾಗಬೇಕು. ಎದುರಾಳಿಯ ಬೊಕ್ಕಸವನ್ನು ಹಿಗ್ಗಿಸುವದರಿಂದ ವಿಚಾರವು ಆಳವಾಗದು.

ಅಸಮಾನವಾದ ಬಲವೇ ತಪ್ಪೆಂದು ನನ್ನ ವಾದವಲ್ಲ. ನಮ್ಮ ಕಡೆಯ ಗುಡಿಗಳ ಕಟ್ಟೆಗಳ ಮೇಲೆ ಗೀರಿ ಆಡುತ್ತಿದ್ದ ಹುಲಿ-ಕುರಿಯ ಆಟವನ್ನು ನೆನೆಯಿರಿ. ಸಾಮಾನ್ಯವಾಗಿ 3 ಹುಲಿಗಳು, 15 ಕುರಿಗಳು. ಹುಲಿಯು ಹಾರಿ ಕುರಿಯನ್ನು ತಿನ್ನುವದು, ಕುರಿಯು ಹುಲಿಯನ್ನು ತಿನ್ನಲಾರದು; ಆದರೂ ಕುರಿಗಳು ಕೂಡಿ ನಿಂತು ಹುಲಿಯ ಹಾದಿಯನ್ನು ಕಟ್ಟಿಹಾಕುವವು. ಇಲ್ಲಿರುವ ಭೇದವು ಇಬ್ಬರ ಕಣ್ಣೆದುರಿಗೂ ಇದೆ, ಇಬ್ಬರೂ ತಲೆಯನ್ನು ಉಪಯೋಗಿಸಲೇಬೇಕು, ಮುಂದಿನ ಆಟಕ್ಕೆ ಪಕ್ಷವನ್ನು ಬದಲಾಯಿಸಲೂಬಹುದು. ಹತ್ತಿರದ ಹಾನಗಲ್ಲಿನ ಚರಿತ್ರೆಯೂ ಇದನ್ನೇ ಸಾರುವದು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ, ಚಿಕ್ಕ ನಾಡಿನ ಒಡೆಯನಾದ ಕದಂಬ ಕಾಮದೇವನ ದಂಡು ಆ ಸಲ ಅವನನ್ನು ಹಿಮ್ಮೆಟ್ಟಿಸಿತು.

ನಿಜವಾದ ಎದುರಾಳಿಯು ಮಾಡುವ ದೊಡ್ಡ ಉಪಕಾರವಾವದು? ನಾನೇಕೆ ಸೋತೆನು ಎಂದು ನಮ್ಮನ್ನು ಕೇಳಿಸುವದೇ ಆ ಉಪಕಾರ. ಮೇಲೆ ಹೇಳಿದ ಆಟವು ಆರಂಭವಾಗುವ 1444ರಲ್ಲಿ ವಿಜಯನಗರವನ್ನು ಆಳುತ್ತಿದ್ದವನು ಇಮ್ಮಡಿ ದೇವರಾಯನು. ಬಹಮನಿಯವರ ಕೈಯಲ್ಲಿ ಪೆಟ್ಟು ತಿಂದ ಈ ಅರಸನು ತನ್ನವರನ್ನು ಕೂಡಿಸಿ ಸೋಲಿನ ಕಾರಣವನ್ನು ಕೇಳಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಶತ್ರುವಿನ ಕುದುರೆಗಳು ಉತ್ತಮವಾದವು, ಅವನ ಬಿಲ್ಲುಗಾರರು ನಿಪುಣರು ಎಂದು ಉತ್ತರ ಬಂತು. ಆಗ ದೇವರಾಯನು ಮುಸಲ್ಮಾನ ಬಿಲ್ಲುಗಾರರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡು, ಅವರಿಗೆ ಪ್ರಾರ್ಥನೆಯ ಸ್ಥಳವನ್ನು ಕಟ್ಟಿಸಿ, ತನ್ನವರಿಗೂ ಆ ವಿದ್ಯೆಯನ್ನು ಕಲಿಸಿದನು. ಬಲವುಳ್ಳ ನೆರೆಯವನು ಅವನನ್ನು ವಿದ್ಯಾರ್ಥಿಯನ್ನಾಗಿ ಮಾಡಿದನು. ದುರ್ಬಲ ಯಂತ್ರದ ಎದುರಿಗೆ ಕುಳಿತ ಹುಡುಗಿಗೆ ಇಂಥ ಪ್ರಶ್ನೆಯು ಹುಟ್ಟುವದಿಲ್ಲ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಹೆಚ್ಚು ಮಹತ್ವದ ಮಾತು. ಭಾರತದ ಮೊದಲನೆಯ ಮಹಿಳಾ ಚದುರಂಗ ಸ್ಪರ್ಧೆಯು 1974ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಮುಂಬಯಿಯ ವಾಸಂತಿ ಖಾಡಿಲಕರ ಅವರು ಗೆದ್ದರು. 1983ರ ವರೆಗೆ ಹತ್ತು ವರ್ಷ ಆ ಪದವಿಯು ಅವರನ್ನೂ ಅವರ ತಂಗಿಯರಾದ ಜಯಶ್ರೀ, ರೋಹಿಣಿಯರನ್ನೂ ಬಿಟ್ಟು ಹೊರಗೆ ಹೋಗಲಿಲ್ಲ. ಸಮಬಲದ ಎದುರಾಳಿಯು ಮನೆಯಲ್ಲಿಯೇ ಇದ್ದದ್ದು ಆ ಮೂವರ ಭಾಗ್ಯ. 1976ರಲ್ಲಿ ರೋಹಿಣಿಯವರು ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಿದಾಗ ದೊಡ್ಡ ಗದ್ದಲವೆದ್ದು ವಿಷಯವು ಉಚ್ಚ ನ್ಯಾಯಾಲಯದ ವರೆಗೆ ಹೋಯಿತು. ಇಂಥ ಸ್ಪರ್ಧೆಗಳಿಂದ ಹೆಂಗಸರನ್ನು ಹೊರಗಿಡಲಾಗದೆಂದು ಲೋಕದ ಚದುರಂಗ ಸಂಸ್ಥೆಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ ತೀರ್ಪು ಕೊಟ್ಟರು. 2025ರ ಜುಲೈಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಎದುರುಬದುರಾಗಿ ಕುಳಿತ ಕೋನೇರು ಹಂಪಿ, ದಿವ್ಯಾ ದೇಶಮುಖ ಇಬ್ಬರೂ ಭಾರತೀಯರು. ಹತ್ತೊಂಬತ್ತು ವರ್ಷದ ದಿವ್ಯಾ ಗೆದ್ದರು. ಆ ಗೆಲವಿನ ಬೆಲೆಯನ್ನು ಹೆಚ್ಚಿಸಿದವರು ಎದುರಿಗೆ ಕುಳಿತ ಹಂಪಿಯವರೇ.

ನಮ್ಮ ಮನೆಗಳಲ್ಲಿಯಾದರೋ, “ಹುಡುಗಿಯಲ್ಲವೇ, ಇಷ್ಟು ಸಾಕು” ಎಂಬ ಮಾತನ್ನು ಪ್ರೀತಿಯಿಂದಲೇ ಆಡುವೆವು. ಪರೀಕ್ಷೆಯಲ್ಲಿಯೂ ಇಂಥ ಪ್ರೀತಿಯು ನುಸುಳುವದುಂಟು. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ್ದರು. ಆ ಏರಿಕೆಯನ್ನು 2025ರಲ್ಲಿ ಮುಂದುವರಿಸಲಿಲ್ಲ. ನಪಾಸಾದ ಹುಡುಗಿಯ ಓದನ್ನು ಬಿಡಿಸಿ ಬೇಗನೆ ಮದುವೆ ಮಾಡುವ ಮನೆಗಳು ಇನ್ನೂ ಇರುವದರಿಂದ, ಆ ಕೃಪೆಯಿಂದ ಉಳಿದುಕೊಂಡವರಿದ್ದಾರೆಂಬದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಅಂಕವನ್ನು ಕೂಡಿಸಬಹುದು, ಲೆಕ್ಕವನ್ನು ಬಿಡಿಸುವ ಶಕ್ತಿಯನ್ನು ಕೂಡಿಸಲಾಗದು. ಮುಂದಿನ ಮೆಟ್ಟಲಿನಲ್ಲಿ ಅವಳು ಒಬ್ಬಳೇ ನಿಲ್ಲಬೇಕು. ಹುಡುಗಿಗೆ ಸುಲಭದ ಎದುರಾಳಿಯನ್ನೇ ಕೊಡುತ್ತ ಹೋಗುವದು, ಅವಳ ಶಕ್ತಿಯಲ್ಲಿ ನಮಗೆ ನಂಬಿಗೆಯಿಲ್ಲವೆಂದು ಹೇಳಿದಂತೆಯೇ.

ಆದಕಾರಣ ಎರಡು ವಿನಂತಿಗಳು. ಪಾಲಕರೇ, ಯಂತ್ರವನ್ನು ಕಸಿದುಕೊಂಡು ಸುಮ್ಮನಾಗಬೇಡಿರಿ. ಚದುರಂಗದ ಮಣೆಯನ್ನೋ ಹುಲಿ-ಕುರಿಯ ಮಣೆಯನ್ನೋ ಇಟ್ಟುಕೊಂಡು ಮಗಳ ಎದುರಿಗೆ ನೀವೇ ಕೂಡಿರಿ. ಬೇಕೆಂದೇ ಸೋಲಬೇಡಿರಿ. ಸೋತರೆ ಎಲ್ಲಿ ತಪ್ಪಿತೆಂದು ಅವಳಿಂದಲೇ ಹೇಳಿಸಿರಿ. ಮಾಜಿ ವಿದ್ಯಾರ್ಥಿನಿಯರೇ, ತಿಂಗಳಿಗೊಂದು ಶನಿವಾರ ಶಾಲೆಗೆ ಬಂದು ನಿಮ್ಮ ತಂಗಿಯರೊಡನೆ ಆಡಿರಿ, ಚರ್ಚಾಕೂಟದಲ್ಲಿ ಅವರ ಮಾತಿಗೆ ಎದುರುಮಾತು ಹೇಳಿರಿ. ಶಾಲೆಗೆ ನೀವು ಕೊಡಬಹುದಾದ ದೇಣಿಗೆಗಳಲ್ಲಿ ಇದಕ್ಕೆ ಹಣವೂ ಬೇಡ.

ಯಬ್ಬೋಕ್ ಹೊಳೆಯ ದಡದಲ್ಲಿ ಯಾಕೋಬನು ಇರುಳೆಲ್ಲ ಹೋರಾಡಿದ ಸಂಗತಿಯನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ತನಗಿಂತ ಬಲಿಷ್ಠನಾದವನನ್ನು ಅವನು ಬಿಡದೆ ಹಿಡಿದನು. ಬೆಳಗಾಗುವಾಗ ತೊಡೆಯ ಕೀಲು ತಪ್ಪಿ ಕುಂಟುತ್ತಿದ್ದನು, ಆದರೆ ಆಶೀರ್ವಾದವನ್ನೂ ಹೊಸ ಹೆಸರನ್ನೂ ಪಡೆದಿದ್ದನು. ನಮ್ಮ ಹೆಣ್ಣುಮಕ್ಕಳಿಗೆ ಅಂಥ ಹೋರಾಟವೂ ಅಂಥ ಆಶೀರ್ವಾದವೂ ದೊರೆಯಲಿ.