ಸೌದೆ ಹುಟ್ಟಿಸದ ಒಲೆ

ಒಲೆಗಿಟ್ಟ ಸೌದೆ ಉರಿದು ಬೂದಿಯಾಗುವುದು ಲೋಕರೂಢಿ. ಉರಿಯುತ್ತಿರುವಾಗಲೇ ಒಲೆಯೊಳಗೆ ಹೊಸ ಸೌದೆ ಹುಟ್ಟುವುದಾದರೆ ಯಾವ ಗೃಹಿಣಿ ತಾನೇ ಬೇಡವೆಂದಾಳು? ಪರಮಾಣುವಿನ ಒಲೆಯಲ್ಲಿ ಈ ವಿಚಿತ್ರ ದಿನವೂ ನಡೆಯುತ್ತಿದೆ. ಆದರೆ ಅದೇ ಹಲವು ರಾಷ್ಟ್ರಗಳ ನಿದ್ದೆಗೆಡಿಸಿದೆ. ಅಲ್ಲಿ ಹುಟ್ಟುವ ಹೊಸ ಸೌದೆಯ ಹೆಸರು ಪ್ಲುಟೋನಿಯಂ. 1945ರ ಆಗಸ್ಟ್ 9ರಂದು ನಾಗಸಾಕಿ ನಗರವನ್ನು ಸುಟ್ಟ ಬಾಂಬಿನ ಒಡಲಲ್ಲಿದ್ದುದು ಇದೇ ಧಾತು.

ಇದು ಹುಟ್ಟುವ ಬಗೆ ಹೀಗೆ: ನೆಲದಿಂದ ಅಗೆದು ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆದು ಶಕ್ತಿ ಕೊಡುವ ಯುರೇನಿಯಂ-235 ಸಾವಿರಕ್ಕೆ ಏಳು ಪಾಲು ಮಾತ್ರ. ಮಿಕ್ಕುದು ಹೆಚ್ಚುಕಡಿಮೆ ಎಲ್ಲವೂ ಯುರೇನಿಯಂ-238. ರಿಯಾಕ್ಟರಿನಲ್ಲಿ ಈ ಎರಡನೆಯದು ಕೆಲಸವಿಲ್ಲದೆ ಕುಳಿತ ನೆಂಟನಂತೆ ತೋರುತ್ತದೆ. ವಾಸ್ತವ ಹಾಗಲ್ಲ. ಹಾರಿಬಂದ ನ್ಯೂಟ್ರಾನ್ ಕಣವನ್ನು ನುಂಗಿದ ಪರಮಾಣು ಮೊದಲು ನೆಪ್ಚೂನಿಯಂ ಆಗಿ, ಕೆಲವೇ ದಿನಗಳಲ್ಲಿ ಪ್ಲುಟೋನಿಯಂ-239 ಆಗಿ ಮಾರ್ಪಡುತ್ತದೆ. ಹೀಗೆ ಹುಟ್ಟಿದುದರಲ್ಲಿ ಬಹಳಷ್ಟು ಅಲ್ಲಿಯೇ ಉರಿದುಹೋಗುತ್ತದೆ. ಆದರೂ ಸಾಮಾನ್ಯ ನೀರಿನ ರಿಯಾಕ್ಟರಿನಿಂದ ಹೊರತೆಗೆದ ಇಂಧನದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಪ್ಲುಟೋನಿಯಂ ಉಳಿದಿರುತ್ತದೆ. ಅದು ತಾನಾಗಿ ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು.

ಶೀತಲ ಸಮರ ಮುಗಿದ ಮೇಲೆ ಈ ಚಿಂತೆಯೊಡನೆ ಇನ್ನೊಂದು ಸೇರಿಕೊಂಡಿತು. ಬಾಂಬುಗಳಿಗೆಂದು ಸಿದ್ಧಪಡಿಸಿದ್ದ ಪ್ಲುಟೋನಿಯಂ ಅಮೆರಿಕ ಮತ್ತು ರಷ್ಯಗಳಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿ ಉಳಿದಿತ್ತು. ತಲಾ 34 ಟನ್ನುಗಳನ್ನು ಇಲ್ಲವಾಗಿಸಲು ಆ ಎರಡು ದೇಶಗಳು 2000ದಲ್ಲಿ ಒಪ್ಪಂದ ಮಾಡಿಕೊಂಡವು. ಪ್ಲುಟೋನಿಯಂ ಅನ್ನು ಯುರೇನಿಯಂ ಆಕ್ಸೈಡಿನೊಡನೆ ಬೆರೆಸಿ ವಿದ್ಯುತ್ ರಿಯಾಕ್ಟರಿನಲ್ಲಿ ಉರಿಸುವುದು ಬಳಕೆಯಲ್ಲಿರುವ ಮಾರ್ಗ. ಆದರೆ ಆ ಮಿಶ್ರಣದಲ್ಲಿಯೂ ಯುರೇನಿಯಂ-238 ಇದ್ದೇ ಇರುತ್ತದೆ. ಅದು ಹೊಸ ಪ್ಲುಟೋನಿಯಂ ಅನ್ನು ಹುಟ್ಟಿಸುತ್ತಲೇ ಇರುತ್ತದೆ. ಹಳೆಯ ಸಾಲ ತೀರಿಸುವ ದಿನವೇ ಹೊಸ ಸಾಲಪತ್ರಕ್ಕೆ ರುಜು ಹಾಕಿದಂತೆ!

ಹಾಗಾದರೆ ಯುರೇನಿಯಂ ಅನ್ನೇ ಬಿಟ್ಟುಬಿಟ್ಟರೆ? ಈ ಪ್ರಶ್ನೆಯಿಂದ ಹುಟ್ಟಿದುದೇ ಜಡ ಆಧಾರದ ಇಂಧನ. ಪ್ಲುಟೋನಿಯಂ ಅನ್ನು ಹಿಡಿದಿಡುವ ಒಡಲು ನ್ಯೂಟ್ರಾನುಗಳನ್ನು ಹೆಚ್ಚಾಗಿ ನುಂಗಬಾರದು, ನುಂಗಿದರೂ ಹೊಸ ಇಂಧನವಾಗಬಾರದು. ಸಾವಿರಾರು ಡಿಗ್ರಿ ಶಾಖಕ್ಕೆ ಕರಗಬಾರದು, ನೀರು ತಗುಲಿದರೆ ಕೆಡಬಾರದು. ಪರಮಾಣು ಚೂರುಗಳ ಎಡೆಬಿಡದ ಪೆಟ್ಟಿಗೆ ಉಬ್ಬಿ ಬಿರಿಯಬಾರದು. ಇಷ್ಟು ಗುಣಗಳೂ ಒಂದೆಡೆ ಕೂಡಿದ ವಸ್ತು ಸಿಕ್ಕುವುದು ಸುಲಭವೆ?

ಮೆಗ್ನೀಸಿಯಂ ಆಕ್ಸೈಡ್ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಆದರೆ ಬಿಸಿನೀರು ಸೋಂಕಿದರೆ ಶಿಥಿಲವಾಗುತ್ತದೆ. ಸ್ಪಿನೆಲ್ ಎಂಬುದು ರತ್ನಗಳ ಸಾಲಿಗೆ ಸೇರಿದ ಗಟ್ಟಿ ವಸ್ತು. ಹಾಲೆಂಡಿನ ಪೆಟೆನ್ ರಿಯಾಕ್ಟರಿನಲ್ಲಿ ಅಮೆರಿಸಿಯಂ ಧಾತುವನ್ನು ಅದರಲ್ಲಿ ಬೆರೆಸಿಟ್ಟು ಪರೀಕ್ಷಿಸಿದಾಗ, ಒಳಗೆ ಹುಟ್ಟಿದ ಹೀಲಿಯಂ ಅನಿಲ ಸಿಕ್ಕಿಕೊಂಡು ಬಿಲ್ಲೆಗಳು ಊದಿಕೊಂಡವು.

ಕೊನೆಗೆ ಹೆಚ್ಚಿನವರ ಒಲವು ಹರಿದುದು ಜಿರ್ಕೋನಿಯಾದ ಕಡೆಗೆ. ಈ ಹೆಸರು ಅಪರಿಚಿತವಾದರೂ ವಸ್ತು ಅಪರಿಚಿತವಲ್ಲ. ಅಮೆರಿಕನ್ ಡೈಮಂಡ್ ಎಂದು ಬೆಂಡೋಲೆಗಳಲ್ಲಿ, ಮೂಗುಬೊಟ್ಟುಗಳಲ್ಲಿ ಹೊಳೆಯುವ ಹರಳು ಇದರದೇ. ಸ್ವಲ್ಪ ಇಟ್ರಿಯಂ ಆಕ್ಸೈಡ್ ಬೆರೆಸಿದರೆ ಇದರ ಹರಳಿನ ರೂಪ ಸ್ಥಿರವಾಗಿ ನಿಲ್ಲುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಆದುದರಿಂದ ಉರಿದುಳಿದ ಇಂಧನವನ್ನು ಮುಂದೆ ನೆಲದಾಳದಲ್ಲಿ ಹೂಳಲೂ ಅನುಕೂಲ.

ಇದಕ್ಕೂ ಒಂದು ಕೊರತೆಯುಂಟು. ನಾರ್ವೆಯ ಹಾಲ್ಡೆನ್ ಪಟ್ಟಣದಲ್ಲಿ ಬಂಡೆ ಕೊರೆದು ಮಾಡಿದ ಗುಹೆಯೊಳಗೆ 2018ರವರೆಗೂ ಒಂದು ರಿಯಾಕ್ಟರ್ ಕೆಲಸಮಾಡುತ್ತಿತ್ತು. ನೆರೆಯ ಕಾಗದದ ಕಾರ್ಖಾನೆಗೆ ಅದರ ಆವಿ ಹೋಗುತ್ತಿತ್ತು. 2000ದಲ್ಲಿ ಅಲ್ಲಿ ಜಿರ್ಕೋನಿಯಾ ಇಂಧನವನ್ನೂ ಯುರೇನಿಯಂ ಬೆರೆತ ಇಂಧನವನ್ನೂ ಜೊತೆಜೊತೆಗೆ ಉರಿಸಿ ನೋಡತೊಡಗಿದರು. ಶಾಖವನ್ನು ಬೇಗ ಬಿಟ್ಟುಕೊಡದ ಜಿರ್ಕೋನಿಯಾದ ಒಡಲು ಹೆಚ್ಚು ಬಿಸಿಯಾಯಿತು.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಕೆಲಸವಿಲ್ಲದ ನೆಂಟನೆಂದು ಹೊರಗಟ್ಟಿದ ಯುರೇನಿಯಂ-238 ನಿಜವಾಗಿ ಮನೆಯ ಕಾವಲುಗಾರನಾಗಿತ್ತು. ಇಂಧನ ಬಿಸಿಯೇರಿದಷ್ಟೂ ಅದು ಹೆಚ್ಚು ಹೆಚ್ಚು ನ್ಯೂಟ್ರಾನುಗಳನ್ನು ಹೀರುತ್ತದೆ. ಯಾವ ಯಂತ್ರದ, ಯಾವ ಮನುಷ್ಯನ ಅಪ್ಪಣೆಗೂ ಕಾಯದೆ ಉರಿಯನ್ನು ತಕ್ಷಣವೇ ತಗ್ಗಿಸುತ್ತದೆ. ಅದು ಇಲ್ಲವಾದರೆ ರಿಯಾಕ್ಟರಿನ ಈ ಸಹಜ ಕಡಿವಾಣ ಸಡಿಲವಾಗುತ್ತದೆ. ಪ್ಲುಟೋನಿಯಂ ಮೊದಲೇ ಯುರೇನಿಯಂ-235ಕ್ಕಿಂತ ಚುರುಕು ಸ್ವಭಾವದ್ದು. ಆದುದರಿಂದ ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು ನ್ಯೂಟ್ರಾನುಗಳನ್ನು ಹೀರುವ ಎರ್ಬಿಯಂ ಅನ್ನು ಇಂಧನಕ್ಕೆ ಬೆರೆಸಿದರು. ಬಂಡೆಯಂತಹ ಇಂಧನವನ್ನು ಮಾಡಹೊರಟ ಜಪಾನಿನವರು ಎರ್ಬಿಯಂ, ಥೋರಿಯಂಗಳ ಜೊತೆಗೆ ಸ್ವಲ್ಪ ಯುರೇನಿಯಂ ಅನ್ನೂ ಮತ್ತೆ ಸೇರಿಸುವ ಯೋಚನೆ ಮಾಡಿದರು. ಹೊರಗಟ್ಟಿದ ಕಾವಲುಗಾರನನ್ನು ಹಿಂದಿರುಗಿ ಕರೆಯಬೇಕಾಯಿತು!

ಇಷ್ಟೆಲ್ಲ ಶ್ರಮಪಟ್ಟರೂ ವಿದ್ಯುತ್ ರಿಯಾಕ್ಟರುಗಳಲ್ಲಿ ಜಡ ಆಧಾರದ ಇಂಧನ ದಿನಬಳಕೆಗೆ ಬಂದಿಲ್ಲ. ಅಮೆರಿಕದೊಡನೆ ಮಾಡಿಕೊಂಡ ಒಪ್ಪಂದವನ್ನು ರಷ್ಯ 2016ರಲ್ಲಿ ತಡೆಹಿಡಿಯಿತು. ಮಿಶ್ರ ಇಂಧನಕ್ಕೆಂದು ದಕ್ಷಿಣ ಕೆರೊಲಿನದಲ್ಲಿ ಕಟ್ಟುತ್ತಿದ್ದ ಕಾರ್ಖಾನೆಯನ್ನು ಅಮೆರಿಕ 2018ರಲ್ಲಿ ಅರ್ಧಕ್ಕೇ ಕೈಬಿಟ್ಟಿತು.

ಭಾರತದ ದೃಷ್ಟಿಯೇ ಬೇರೆ. ಹೋಮಿ ಭಾಭಾ ಅವರು ಹಾಕಿಕೊಟ್ಟ ಮೂರು ಹಂತಗಳ ಯೋಜನೆಯಲ್ಲಿ ಪ್ಲುಟೋನಿಯಂ ಕಸವಲ್ಲ, ಬಿತ್ತನೆಯ ಭತ್ತ. ಎರಡನೆಯ ಹಂತದ ವೇಗದ ರಿಯಾಕ್ಟರುಗಳಿಗೆ ಅದೇ ಮೂಲಧನ. ಅದರ ಬಲದಿಂದ ಮುಂದೆ ಥೋರಿಯಂ ಸಂಪತ್ತನ್ನು ಬಳಸಿಕೊಳ್ಳುವುದು ಉದ್ದೇಶ. ಒಬ್ಬರು ಸುಟ್ಟು ಮುಗಿಸಬೇಕೆನ್ನುವುದನ್ನು ಇನ್ನೊಬ್ಬರು ಕಣಜದಲ್ಲಿ ಕಾಪಾಡುತ್ತಾರೆ. ಸುಡುವವರಿಗಾಗಲಿ ಕೂಡಿಡುವವರಿಗಾಗಲಿ, ಒಮ್ಮೆ ಹುಟ್ಟಿಸಿದ ಮೇಲೆ ಅದನ್ನು ಕಾಯುವ ಹೊಣೆ ಮಾತ್ರ ತಪ್ಪಿದ್ದಲ್ಲ.