ಹೊಸದುರ್ಗದ ಹೆಣ್ಣುಮಕ್ಕಳಿಗೊಂದು ಶಾಖೆ

ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ನದಿಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಆ ನದಿ ಹೊಸದುರ್ಗ ತಾಲ್ಲೂಕನ್ನು ಹಾದು ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ಸೇರುತ್ತದೆ. 1907ರಲ್ಲಿ ಪೂರ್ಣಗೊಂಡ ಆ ಜಲಾಶಯ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಈ ಬಯಲಿನಲ್ಲಿ ನೀರಿನ ಕೊಡ ಹೊತ್ತವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಮಲೆನಾಡಿನ ಕಾಡಿಗೂ ಬಯಲಿನ ಕೊಡಕ್ಕೂ ಇರುವ ನಂಟನ್ನು ಅವರಿಗೆ ಭಾಷಣದಿಂದ ತಿಳಿಸಬೇಕಾಗಿಲ್ಲ. ಪರಿಸರಕ್ಕಾಗಿ ದುಡಿಯುವ ಯುವತಿಯರ ಸಂಘಟನೆಯ ಶಾಖೆಯೊಂದು ಹೊಸದುರ್ಗದಲ್ಲಿ ಏಕೆ ಬೇಕೆಂಬುದಕ್ಕೆ ಇಷ್ಟು ಸಾಕು. ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಕಠಿಣವಾದ ಪ್ರಶ್ನೆ.

ಶಾಖೆ ತೆರೆಯುವ ವಿಧಾನ ಎಲ್ಲರಿಗೂ ಗೊತ್ತು. ಅತಿಥಿಗಳು ಬರುತ್ತಾರೆ, ದೀಪ ಬೆಳಗುತ್ತದೆ, ಅಧ್ಯಕ್ಷೆ ಮತ್ತು ಕಾರ್ಯದರ್ಶಿಯ ಹೆಸರುಗಳನ್ನು ಓದಲಾಗುತ್ತದೆ, ಜೂನ್ 5ರಂದು ನಾಲ್ಕು ಸಸಿಗಳನ್ನು ನೆಡಲಾಗುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಫಲಕವಷ್ಟೇ ಉಳಿದಿರುತ್ತದೆ. ಹುಡುಗಿಯರಿಗೆ ಆಸಕ್ತಿ ಇಲ್ಲ ಎಂದು ಹಿರಿಯರು ಕೈತೊಳೆದುಕೊಳ್ಳುತ್ತಾರೆ. ಆದರೆ ನಿಜವಾದ ಕಾರಣ ಬೇರೆ. ಅಧ್ಯಕ್ಷೆಗೆ ಮದುವೆಯಾಗಿರುತ್ತದೆ, ಕಾರ್ಯದರ್ಶಿ ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿರುತ್ತಾಳೆ. ಯುವಕ ಸಂಘಗಳನ್ನು ಊರಿನಲ್ಲೇ ಉಳಿಯುವವರೆಂಬ ನಂಬಿಕೆಯ ಮೇಲೆ ಕಟ್ಟಲಾಗುತ್ತದೆ. ಯುವತಿಯರ ಸಂಘಕ್ಕೆ ಆ ನಂಬಿಕೆಯ ಆಸರೆ ಇಲ್ಲ.

ಚಳವಳಿಗಳ ಇತಿಹಾಸವೂ ಇದನ್ನೇ ಹೇಳುತ್ತದೆ. 1974ರ ಮಾರ್ಚ್ 26ರಂದು ಹಿಮಾಲಯದ ರೇಣಿ ಗ್ರಾಮದ ಗಂಡಸರು ಊರಿನಲ್ಲಿ ಇಲ್ಲದಾಗ ಮರ ಕಡಿಯಲು ಬಂದವರನ್ನು ತಡೆದ ಗೌರಾದೇವಿ ಅಲ್ಲಿನ ಮಹಿಳಾ ಮಂಡಲದ ಮುಖ್ಯಸ್ಥೆ. ಆ ಊರಿಗೆ ಸೊಸೆಯಾಗಿ ಬಂದು ನೆಲೆನಿಂತವರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡಾಗ ಹೆಂಗಸರೂ ಮುಂದಿದ್ದರು. ರಾಜ್ಯ ಸರ್ಕಾರ 2000ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಗುಂಪುಗಳಲ್ಲಿಯೂ ಹೆಚ್ಚಾಗಿ ಸೇರಿದವರು ಸಂಸಾರಸ್ಥ ಮಹಿಳೆಯರೇ. ಹದಿನಾರರಿಂದ ಇಪ್ಪತ್ತೈದರೊಳಗಿನ, ಇನ್ನೂ ತವರಿನಲ್ಲಿರುವ ಹೆಣ್ಣುಮಗಳಿಗೆ ತನ್ನದೆಂಬ ವೇದಿಕೆ ಎಲ್ಲಿದೆ?

ಆದ್ದರಿಂದ ಸದಸ್ಯೆಯರು ಊರು ಬಿಡುತ್ತಾರೆಂಬುದನ್ನು ಮೊದಲ ದಿನವೇ ಒಪ್ಪಿಕೊಂಡು ಶಾಖೆಯನ್ನು ಕಟ್ಟಬೇಕು. ಹೊಣೆಗಾರಿಕೆ ಒಬ್ಬಳಲ್ಲಿ ನಿಲ್ಲದೆ ಆರು ತಿಂಗಳಿಗೊಮ್ಮೆ ಕೈ ಬದಲಾಗಲಿ. ಪ್ರತಿಯೊಬ್ಬ ಕಾಲೇಜು ವಿದ್ಯಾರ್ಥಿನಿಯ ಜೊತೆಗೆ ಪ್ರೌಢಶಾಲೆಯ ಇಬ್ಬರು ಹುಡುಗಿಯರು ಕೆಲಸ ಕಲಿಯಲಿ. ನಡೆದದ್ದೆಲ್ಲವೂ ಒಂದು ದಪ್ಪ ಪುಸ್ತಕದಲ್ಲಿ ದಾಖಲಾಗಲಿ. ಮದುವೆಯಾಗಿ ಹೊಳಲ್ಕೆರೆಗೋ ಹಿರಿಯೂರಿಗೋ ಹೋದವಳನ್ನು ಕಳೆದುಕೊಂಡೆವೆಂದು ಭಾವಿಸದೆ, ಅಲ್ಲಿನ ಮೊದಲ ಸದಸ್ಯೆ ಎಂದು ಆ ಪುಸ್ತಕದಲ್ಲಿ ಬರೆದುಕೊಳ್ಳಲಿ. ನೋಂದಣಿಗೆ ಆತುರ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆ ಕೇಳುವುದು ಏಳು ಜನರನ್ನು. ಕೆಲಸ ನಿಂತ ಮೇಲೆ ಆ ಏಳು ಸಹಿಗಳಿಗೆ ಬೆಲೆಯಿರದು.

ಮೊದಲ ಕೆಲಸವೂ ದೂರದ್ದಾಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಹೆಚ್ಚಿದಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ವರ್ಷಗಳು ಕಳೆದಂತೆ ಮೂಳೆ ಬಿಗಿಯುತ್ತದೆ. ತಮ್ಮ ಊರಿನ ಕೊಳವೆಬಾವಿಯ ನೀರನ್ನು ಯಾವಾಗ ಪರೀಕ್ಷಿಸಲಾಯಿತು, ಫಲಿತಾಂಶವೇನು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಲು ತಗಲುವ ಶುಲ್ಕ 10 ರೂಪಾಯಿ. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಓದುವ ಹುಡುಗಿ ಅಂದೇ ಸಂಘಟನೆಯ ಕಾರ್ಯಕರ್ತೆಯಾಗುತ್ತಾಳೆ.

ಹೆತ್ತವರ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಸ್ವೀಡನ್ನಿನ ಶಾಲಾ ಬಾಲಕಿಯೊಬ್ಬಳು 2018ರಲ್ಲಿ ಆರಂಭಿಸಿದ ಹವಾಮಾನ ಮುಷ್ಕರಕ್ಕೆ ಭಾರತದಲ್ಲಿ ಶಾಖೆ ಕಟ್ಟಿದವರಲ್ಲಿ ಬೆಂಗಳೂರಿನ ದಿಶಾ ರವಿ ಒಬ್ಬರು. ರೈತ ಹೋರಾಟಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2021ರ ಫೆಬ್ರುವರಿ 13ರಂದು ಅವರ ಬಂಧನವಾಯಿತು. ಅದೇ ತಿಂಗಳ 23ರಂದು ದೆಹಲಿಯ ನ್ಯಾಯಾಲಯ ಜಾಮೀನು ನೀಡಿತು. ಆ ಸುದ್ದಿ ಕೇಳಿದ ತಾಯಿ ತನ್ನ ಮಗಳನ್ನು ಸಭೆಗೆ ಕಳುಹಿಸಲು ಹಿಂಜರಿದರೆ ತಪ್ಪಲ್ಲ. ಆಕೆಗೆ ಧೈರ್ಯದ ಉಪದೇಶ ಮಾಡುವ ಬದಲು ಸಭೆಗೇ ಕರೆಯಬೇಕು. ಸಭೆ ಹಗಲಿನಲ್ಲಿ ನಡೆಯಲಿ, ಕೊನೆಯ ಬಸ್ಸಿಗಿಂತ ಬಹಳ ಮುಂಚೆ ಮುಗಿಯಲಿ, ಲೆಕ್ಕಪತ್ರ ಎಲ್ಲರೆದುರು ತೆರೆದಿರಲಿ. ಹದಿನೆಂಟು ತುಂಬದ ಗೆಳತಿಗೆ ಮದುವೆ ಗೊತ್ತಾದ ದಿನ ಆ ತಾಯಂದಿರ ಬೆಂಬಲವೇ ಶಾಖೆಯ ದೊಡ್ಡ ಬಲವಾಗುತ್ತದೆ.

ಮಲೆನಾಡಿನ ಪರಿಸರಾಸಕ್ತರಿಗೂ ಇಲ್ಲೊಂದು ಕರ್ತವ್ಯವಿದೆ. ಹೊಸದುರ್ಗಕ್ಕೆ ಬೇಕಾದುದು ಉದ್ಘಾಟಕರಲ್ಲ. ತಿಂಗಳಿಗೊಂದು ಭಾನುವಾರ ಬಂದು ನೀರಿನ ಪರೀಕ್ಷೆಯನ್ನೋ ಅರ್ಜಿ ಬರೆಯುವುದನ್ನೋ ಕಲಿಸಿ, ಸಂಜೆಯ ಬಸ್ಸಿಗೆ ಹಿಂದಿರುಗುವವರು ಬೇಕಾಗಿದ್ದಾರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನವನ್ನು ಆ ಹೆಣ್ಣುಮಕ್ಕಳೇ ಮಾಡಲಿ.